ಭಾವನ ಅಂಗೈ ಲೆಕ್ಕ

ಹಿಮ ಬೀಳುವ ಈ ಊರಿನಲ್ಲಿ ನಮ್ಮ ಭಾವ ಮೂವತ್ತೊಂದು ವರ್ಷ ಒಂದು ದೊಡ್ಡ ಶಾಲೆಯ ಕೋಣೆಗಳನ್ನೆಲ್ಲ ಬೆಚ್ಚಗಿಡುವ ಬಾಯ್ಲರ್ ನೋಡಿಕೊಂಡವರು. ಮಕ್ಕಳು ಅವರಿಗಿಟ್ಟ ಹೆಸರು ಹಬೆಯಪ್ಪ. ಬಾಯ್ಲರಿನ ಮೈಮೇಲೆ ಮುಳ್ಳು ತಿರುಗುವ ಮೂರು ಮೀಟರುಗಳಿದ್ದರೂ ಅವರು ನಂಬುತ್ತಿದ್ದದ್ದು ತಮ್ಮ ಬಲ ಅಂಗೈಯನ್ನು ಮಾತ್ರ. ಬೆಳಿಗ್ಗೆ ಐದಕ್ಕೆ ಎದ್ದು, ಹಿಂದಿನ ಸಂಜೆ ಬೂದಿ ಮುಚ್ಚಿ ಮಲಗಿಸಿದ್ದ ಕೆಂಡವನ್ನು ಕೆದಕಿ, ಸೌದೆ ಒಟ್ಟಿ, ಏಳರ ಹೊತ್ತಿಗೆ ಶಾಲೆಯ ಉದ್ದನೆಯ ಕಾರಿಡಾರಿಗೆ ಬರುತ್ತಿದ್ದರು. ಗೋಡೆಗುಂಟ ಹಾದುಹೋದ ಕಬ್ಬಿಣದ ಪೈಪಿನ ಮೇಲೆ ಅಂಗೈ ಊರಿ ಎಣಿಸುತ್ತಿದ್ದರು. ಮೂರು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕಾಯಿತೆಂದರೆ ಎಲ್ಲ ಸರಿಯಿದೆ. ಐದರವರೆಗೆ ಕೈ ತಾಳಿತೆಂದರೆ ಇನ್ನೆರಡು ಸೌದೆ ಬೇಕು. ಹತ್ತು ದಾಟಿತೆಂದರೆ ಬಾಯ್ಲರ್ ಸತ್ತಿದೆ, ಓಡಬೇಕು. "ಮುಳ್ಳು ಸುಳ್ಳು ಹೇಳುತ್ತೆ, ಚರ್ಮ ಹೇಳಲ್ಲ" ಎಂಬುದು ಅವರ ವೇದವಾಕ್ಯ. ಅಷ್ಟು ಚಳಿಗಾಲ ಕಂಡ ಆ ಅಂಗೈ ಎಮ್ಮೆಯ ತೊಗಲಾಗಿತ್ತು; ಅವರು ಮೂರು ಎಣಿಸುವ ಪೈಪಿನ ಮೇಲೆ ನಾವು ನೀವು ಕೈಯಿಟ್ಟರೆ ಬೊಬ್ಬೆ ಏಳುತ್ತದೆ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಕೇಳಿದರೆ ತಾನೆ.

ನಾನು ಅವರ ಹೆಂಡತಿಯ ತಂಗಿ. ಬಸ್ ನಿಲ್ದಾಣದಲ್ಲಿ ಟಿಕೆಟ್ ಕಿಟಕಿಯ ಹಿಂದೆ ಕೂರುವವಳು, ಬಾಯಿ ಸ್ವಲ್ಪ ಜೋರು. ಭಾವ ನನ್ನನ್ನು ಕರೆಯುವುದೇ ಪಟಾಕಿ ಎಂದು. ಅಕ್ಕನದು ಬೇರೆ ಸ್ವಭಾವ. ಏನೇ ಆದರೂ ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರುವವಳು. ಊರಿನ ನಾಲ್ಕು ಟೈಲರ್ ಅಂಗಡಿಗಳವರು ಒಳ್ಳೆಯ ಕೋಟುಗಳನ್ನು ಹೊಲಿದು, ಗುಂಡಿ ತೂರುವ ಕಾಜ ಹಾಕಲು ಅವಳ ಹತ್ತಿರ ತಂದುಕೊಡುತ್ತಾರೆ. ಯಂತ್ರದಲ್ಲಿ ಹಾಕಿದ ಕಾಜಕ್ಕೂ ಅವಳು ಕೈಯಲ್ಲಿ ಹಾಕಿದ ಕಾಜಕ್ಕೂ ಇರುವ ವ್ಯತ್ಯಾಸ ಕೋಟು ತೊಟ್ಟವರಿಗೇ ಗೊತ್ತು.

ಆ ಕೈಗೊಂದು ಕಾಯಿಲೆ. ಚಳಿ ತಾಗಿದರೆ ಬೆರಳಿಗೆ ರಕ್ತ ಹೋಗುವ ದಾರಿ ಮುದುಡಿಕೊಳ್ಳುತ್ತದಂತೆ. ತುದಿಯಿಂದ ಶುರುವಾಗಿ ಒಂದೊಂದೇ ಬೆರಳು ಮೇಣದ ಹಾಗೆ ಬೆಳ್ಳಗಾಗುತ್ತದೆ. ಸೂಜಿ ಹಿಡಿದಿದ್ದೇನೋ ಬಿಟ್ಟಿದ್ದೇನೋ ಅವಳಿಗೇ ತಿಳಿಯುವುದಿಲ್ಲ. ಚಳಿಗಾಲದಲ್ಲಿ ಅಕ್ಕ ಹೊರಗೆ ಹೋಗಿ ಬಂದ ಕೂಡಲೇ ಭಾವ ಅವಳ ಕೈಗವಸು ಕಳಚಿ, ಎರಡೂ ಕೈಗಳನ್ನು ತಮ್ಮ ಅಂಗೈಗಳ ನಡುವೆ ಇಟ್ಟುಕೊಂಡು ಎಣಿಸುತ್ತಾರೆ. ತೊಂಬತ್ತು, ನೂರು, ಒಮ್ಮೊಮ್ಮೆ ನೂರಿಪ್ಪತ್ತು. ಉಗುರಿನ ಬುಡಕ್ಕೆ ಕೆಂಪು ಬಂದಮೇಲೆ ಬಿಡುತ್ತಾರೆ. ನಾನು ಎದುರಿಗಿದ್ದರೂ ಅವರಿಗೆ ನಾಚಿಕೆಯಿಲ್ಲ.

ಆದರೆ ಮನೆಯೊಳಗೆ ಅದರ ಅಗತ್ಯವೇ ಬೀಳುತ್ತಿರಲಿಲ್ಲ. ಶಾಲೆಯವರು ಕೊಟ್ಟ ಮನೆ ಬಾಯ್ಲರ್ ಕೋಣೆಯ ನೆತ್ತಿಯ ಮೇಲೇ ಇತ್ತು. ಎರಡು ಕೋಣೆ, ಒಂದು ಅಡುಗೆಮನೆ, ಕಿಟಕಿಯಾಚೆ ಸೌದೆಯ ರಾಶಿ. ನೋಡಲು ಏನೂ ಇಲ್ಲ, ಆದರೆ ನೆಲ ಸದಾ ಬೆಚ್ಚಗೆ. ಕಿಟಕಿಯ ಪಕ್ಕ ಬೆಕ್ಕು ಹುಡುಕಿಕೊಳ್ಳುವಂಥ ಜಾಗ ನೋಡಿ ಅಕ್ಕ ಕುರ್ಚಿ ಹಾಕಿಕೊಂಡಿದ್ದಳು. ಬರಿಗಾಲನ್ನು ನೆಲಕ್ಕೊತ್ತಿ ಕೂತರೆ ಆ ಬಿಸಿ ಕಾಲಿನಿಂದ ಹತ್ತಿ ಕೈಗೆ ಬರುತ್ತದೆ ಎನ್ನುತ್ತಿದ್ದಳು. ಕೆಳಗೆ ಗಂಡ ಬೆಂಕಿ ಹಾಕುವುದು, ಮೇಲೆ ಹೆಂಡತಿ ಕಾಜ ಹಾಕುವುದು, ಹೀಗೆ ಮೂವತ್ತೊಂದು ವರ್ಷ.

ನಿವೃತ್ತಿಗೆ ಒಂದು ವರ್ಷ ಇದೆ ಎನ್ನುವಾಗ ಮನೆ ಬಿಡಬೇಕಾಗುತ್ತದೆ ಎಂದು ಶಾಲೆಯಿಂದ ಕಾಗದ ಬಂತು. ಊರಂಚಿನ ಇಳಿಜಾರಿನಲ್ಲಿ ಮೊದಲೇ ತೆಗೆದಿಟ್ಟಿದ್ದ ಒಂದು ಕಿರಿದಾದ ಸೈಟಿತ್ತು. ಮನೆ ಕಟ್ಟಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಬಾಗಿಲು ಎಲ್ಲಿ, ಬಚ್ಚಲು ಎಲ್ಲಿ ಎಂಬುದೆಲ್ಲ ಎರಡು ದಿನದಲ್ಲಿ ಮುಗಿಯಿತು. ಮನೆಯನ್ನು ಹೇಗೆ ಬೆಚ್ಚಗಿಡುವುದು ಎಂಬಲ್ಲಿ ಬಂಡಿ ನಿಂತಿತು. ಪ್ರಶ್ನೆ ಒಂದೇ: ಹೊಸ ಮನೆಯಲ್ಲಿ ಅಕ್ಕನ ಬೆರಳು ಆಡುತ್ತದೆಯೇ ಇಲ್ಲವೇ?

ಭಾವನ ಉತ್ತರ ತಯಾರಿತ್ತು. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಚಿತ್ರ ಬರೆದಿದ್ದರು. ನೆಲಮಾಳಿಗೆಯಲ್ಲಿ ಪುಟ್ಟ ಸೌದೆ ಬಾಯ್ಲರ್, ಅದರ ನೇರ ಮೇಲೆ ಅಕ್ಕನ ಕುರ್ಚಿ. ಕುರ್ಚಿಯ ಮೇಲೆ ಒಂದು ಗುಂಡು ತಲೆ, ಅದಕ್ಕೆ ತುರುಬು ಕೂಡ ಬರೆದಿದ್ದರು.

"ಸೌದೆ ಯಾರು ಹಾಕ್ತಾರೆ?" ಎಂದು ಕೇಳಿದೆ.

"ನಾನು. ಇನ್ಯಾರು, ನಿನ್ನ ಬಸ್ ಕಂಡಕ್ಟರಾ?"

"ಎದೆ ಡಾಕ್ಟರು ಏನು ಹೇಳಿದ್ರು ಭಾವ? ಹೊಗೆ ಹತ್ತಿರ ಹೋಗಬೇಡಿ ಅಂದ್ರು ತಾನೆ? ಕೆಮ್ಮಿ ಕೆಮ್ಮಿ ಒಂದಿನ ನೀವೇ ಬೂದಿಯಾಗ್ತೀರಿ."

"ಪಟಾಕಿ ಸಿಡೀತು," ಎಂದು ಭಾವ ಹಾಳೆ ಮಡಚಿ ಜೇಬಿಗಿಟ್ಟರು. ಅಕ್ಕ ನೂಲು ಕಚ್ಚಿ ತುಂಡು ಮಾಡಿದಳು.

ಗೋಡೆಗೆ ಹಾಕುವ ಕರೆಂಟ್ ಹೀಟರು ಅಕ್ಕನಿಗೆ ಆಗದು. ತಲೆ ಬಿಸಿ, ಕಾಲು ತಣ್ಣಗೆ. ನೆಲದೊಳಗಿನ ಬಿಸಿ ತೆಗೆದುಕೊಡುವ ಹೀಟ್ ಪಂಪ್ ಎಂದು ಒಂದು ಬಂದಿದೆ ಎಂದು ನನ್ನ ಕಿಟಕಿಗೆ ಬರುವ ಪ್ರಯಾಣಿಕರೊಬ್ಬರು ಹೇಳಿದ್ದರು. ಅದನ್ನು ಹಾಕುವ ಕಂಪನಿಯ ಇಂಜಿನಿಯರ್ ಒಬ್ಬ ಹೆಂಗಸು. ನೆಲ ಕೊರೆಯುವ ಕೆಲಸ ಎಂದು ಕೇಳಿದ ಕೂಡಲೇ ಭಾವ ಆಕೆಗೆ ಬೈರಿಗೆ ಮೇಡಂ ಎಂದು ಹೆಸರಿಟ್ಟರು. ಮೊಳಕಾಲವರೆಗಿನ ಬೂಟು, ಕಿವಿಯ ಹಿಂದೊಂದು ಪೆನ್ಸಿಲ್. ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿ ಹೇಳಿದರು:

"ಆಳಕ್ಕೆ ಹೋದರೆ ನೆಲಕ್ಕೆ ಋತು ಗೊತ್ತಾಗಲ್ಲ ಸರ್. ಮೇಲೆ ಹಿಮ ಬೀಳಲಿ, ಬಿಸಿಲು ಬೀಳಲಿ, ಕೆಳಗೆ ವರ್ಷವಿಡೀ ಹತ್ತು ಡಿಗ್ರಿ ಇರುತ್ತೆ. ಜಾಗ ಅಗಲವಾಗಿದ್ದರೆ ಪೈಪುಗಳನ್ನ ಮಲಗಿಸಿ ಹೂಳಬಹುದಿತ್ತು. ನಿಮ್ಮ ಸೈಟು ಕಿರಿದು, ಅದಕ್ಕೆ ನೆಟ್ಟಗೆ ಎರಡು ಕೊಳವೆ ಕೊರೀತೀವಿ. ಪೈಪಿನಲ್ಲಿ ನೀರು ಇಳಿದು, ಆ ಬಿಸಿ ಹೊತ್ತುಕೊಂಡು ಮೇಲೆ ಬರುತ್ತೆ."

"ಹತ್ತು ಡಿಗ್ರಿ," ಎಂದರು ಭಾವ. "ಅದಕ್ಕೆ ಬಿಸಿ ಅಂತಾರಾ? ಮರಳು ಹಿಂಡಿ ಎಣ್ಣೆ ತೆಗೆದ ಹಾಗಾಯ್ತು."

"ಹಿಂಡೋದೇ ಸರ್. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿ ಆಗಲ್ವಾ? ಹಾಗೆ ಯಂತ್ರ ಆ ಹತ್ತನ್ನ ಒತ್ತಿ ಮೂವತ್ತೈದು ಮಾಡುತ್ತೆ. ಆ ನೀರು ನಿಮ್ಮ ಕಾಲಡಿ, ಸಿಮೆಂಟಿನೊಳಗೆ ಓಡಾಡುತ್ತೆ."

ಕಾಲಡಿ ಎಂದ ಕೂಡಲೇ ಅಕ್ಕ ತಲೆ ಎತ್ತಿದಳು. ನಾನು ನೋಡಿದೆ. ಭಾವ ನೋಡಲಿಲ್ಲ, ಅವರು ಇನ್ನೂ ಮೂವತ್ತೈದರಲ್ಲೇ ಇದ್ದರು.

"ಬೆಂಕಿಯಿಲ್ಲದೆ ಹೊಗೆಯಾಡಲ್ಲ ಅಂತಾರೆ. ಇಲ್ಲಿ ಬೆಂಕಿನೂ ಇಲ್ಲ, ಹೊಗೆನೂ ಇಲ್ಲ. ಆಯ್ತಪ್ಪ, ಹಾಕೋದಾದ್ರೆ ಇದಕ್ಕಿಂತ ದೊಡ್ಡ ಯಂತ್ರ ಹಾಕಿ."

"ಬೇಡ ಸರ್. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಚಿಕ್ಕ ಮನೆಗೆ ದೊಡ್ಡ ಯಂತ್ರ ಹಾಕಿದರೆ ನಿಮಿಷಕ್ಕೊಮ್ಮೆ ನಿಂತು ಹೊರಟು ಬೇಗ ಸವೆಯುತ್ತೆ. ಮೊದಲು ಗೋಡೆ, ಕಿಟಕಿ ಬಿಗಿ ಮಾಡಿಸಿ. ಆಮೇಲೆ ಒಂದು ಮನೆ ತೋರಿಸ್ತೀನಿ, ನೋಡಿ ತೀರ್ಮಾನ ಮಾಡಿ."

ಆ ಮನೆ ಒಬ್ಬ ಕನ್ನಡಕದಂಗಡಿಯವರದು. ನಾವು ಹೋದ ದಿನ ಹೊರಗೆ ಹಿಮ ಮೊಣಕಾಲೆತ್ತರ ಬಿದ್ದಿತ್ತು. ಬಾಗಿಲು ತೆರೆದ ಯಜಮಾನರು ತೆಳು ಅಂಗಿಯಲ್ಲಿ, ಬರಿಗಾಲಲ್ಲಿ ನಿಂತಿದ್ದರು. ಭಾವ ಅವರನ್ನು ಕಣ್ಣೆತ್ತಿಯೂ ನೋಡದೆ, "ಪೈಪ್ ಎಲ್ಲಿ?" ಎಂದರು. ಬೀರುವಿನಷ್ಟು ಕೋಣೆಯಲ್ಲಿ ಫ್ರಿಜ್ಜಿನಂಥ ಬಿಳಿ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಅದರಿಂದ ಹೊರಟು ನೆಲಕ್ಕಿಳಿಯುವ ಪೈಪಿನ ಮೇಲೆ ಭಾವ ಅಂಗೈ ಊರಿ, ಕಣ್ಣು ಮುಚ್ಚಿದರು. ಮೂರಾಯಿತು, ಐದಾಯಿತು, ಹತ್ತಾಯಿತು. ಇಪ್ಪತ್ತಾದಾಗ ಮುಖ ಸಪ್ಪಗಾಯಿತು. ನಲವತ್ತಕ್ಕೆ ಕೈ ತೆಗೆದು, ಹೆಣ ನೋಡಿ ಬಂದವರ ಹಾಗೆ ದನಿ ತಗ್ಗಿಸಿ ನನ್ನ ಕಿವಿಯಲ್ಲಿ, "ಸತ್ತಿದೆ ಕಣೇ. ಪಾಪ, ಇವರಿಗೆ ಗೊತ್ತಿಲ್ಲ" ಎಂದರು.

ಅಕ್ಕನನ್ನು ಕರೆದು ಹೊರಡೋಣವೆಂದು ನಾವು ಹಜಾರಕ್ಕೆ ಬಂದೆವು. ಅಕ್ಕ ಅಲ್ಲಿ ನೆಲದ ಮೇಲೆ ಕೂತಿದ್ದಳು. ಕೈಗವಸು ಪಕ್ಕದಲ್ಲಿತ್ತು, ಕಾಲುಚೀಲವೂ ಪಕ್ಕದಲ್ಲಿತ್ತು. ಯಜಮಾನರ ಕೋಟಿನ ಗುಂಡಿಯೊಂದು ಜೋತಾಡುವುದು ಅವಳ ಕಣ್ಣಿಗೆ ಬಿದ್ದಿರಬೇಕು. ಪರ್ಸಿನಲ್ಲಿದ್ದ ಸೂಜಿ ತೆಗೆದು ಅದನ್ನು ಹೊಲಿಯುತ್ತಿದ್ದಳು. ಚಳಿಗಾಲದಲ್ಲಿ ತನ್ನ ಮನೆ ಬಿಟ್ಟು ಬೇರೆಲ್ಲೂ ಕೈಗವಸು ಕಳಚದ ಹೆಂಗಸು. ಬೆರಳಿನ ತುದಿಗಳು ಕೆಂಪಗಿದ್ದವು.

ಭಾವ ಬಾಗಿಲಲ್ಲೇ ನಿಂತುಬಿಟ್ಟರು. ಅಕ್ಕನ ಬೆರಳು ನೋಡಿದರು, ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ಬಗ್ಗಿ, ಒಂದು ಬೂಟು ಬಿಚ್ಚಿ, ಕಾಲು ನೆಲಕ್ಕೆ ತಾಗಿಸಿದರು.

ವಾಪಸು ಬರುವ ಬಸ್ಸಿನಲ್ಲಿ ಅಕ್ಕ ಮುಂದಿನ ಸೀಟಿನಲ್ಲಿ ನಿದ್ದೆ ಹೋದಳು. ಭಾವ ಕಿಟಕಿಯ ಮಂಜು ಒರೆಸುತ್ತಾ ಹೇಳಿದರು: "ಹಾಕಿಸೋಣ. ಅವಳ ಕೈ ಒಪ್ಪಿತಲ್ಲ, ನನ್ನ ಕೈ ಏನಾದ್ರೂ ಹೇಳಲಿ."

"ಮತ್ಯಾಕೆ ಮುಖ ಹೀಗೆ?"

ಅವರು ಒರೆಸಿದ ಕಿಟಕಿಯನ್ನೇ ಮತ್ತೆ ಒರೆಸಿದರು. "ಅದಕ್ಕೆ ನಾನು ಬೇಕಿಲ್ಲ ಪಟಾಕಿ. ನಾನು ಸತ್ತರೂ ಅದರ ಪಾಡಿಗೆ ಅದು ಬಿಸಿ ಕೊಡ್ತಾನೆ ಇರುತ್ತೆ."

"ಒಳ್ಳೇದೇ ಆಯ್ತಲ್ಲ ಭಾವ."

"ಒಳ್ಳೇದೇ," ಎಂದರು ಅವರು. ನನ್ನ ಬಾಯಿಗೆ ಬೆಂಕಿ ಹಾಕಬೇಕು. ಆ ಮಾತನ್ನು ನಾನು ಆಡಬಾರದಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಬೇಸಿಗೆಯಲ್ಲಿ ಕೊರೆಯುವ ಯಂತ್ರ ಬಂತು. ಮೂರು ದಿನ ಬೂದುಬಣ್ಣದ ಕೆಸರು ಉಗುಳಿ ಎರಡು ಕೊಳವೆ ಇಳಿಸಿತು. ಆಳದಿಂದ ಬಂದ ಕೆಸರನ್ನು ಭಾವ ಹಿಡಿಯಲ್ಲಿ ಎತ್ತಿಕೊಂಡು ಎಣಿಸಿದರು. ಬೈರಿಗೆ ಮೇಡಂ ನಗಲಿಲ್ಲ, ಪಕ್ಕದಲ್ಲಿ ನಿಂತು, "ಎಷ್ಟಕ್ಕೆ ಬಂತು ಸರ್?" ಎಂದು ಕೇಳಿದರು. ಆವತ್ತಿನಿಂದ ನನಗೆ ಆ ಹೆಂಗಸಿನ ಮೇಲೆ ಗೌರವ.

ಎಲೆ ಉದುರುವ ಹೊತ್ತಿಗೆ ಹೊಸ ಮನೆ ಸೇರಿದರು. ಅಕ್ಕನ ಕುರ್ಚಿ ಇಳಿಜಾರು ಕಾಣುವ ಕಿಟಕಿಯ ಪಕ್ಕಕ್ಕೆ ಬಂತು. ಮೊದಲ ಕೆಲವು ವಾರ ಎಲ್ಲ ಚೆನ್ನಾಗಿತ್ತು. ಚಳಿ ಬಲಿತ ಮೇಲೆ ಒಂದು ಭಾನುವಾರ ಬೆಳಿಗ್ಗೆ ನಾನು ಹೇಳದೆ ಕೇಳದೆ ಹೋದೆ. ಅಕ್ಕ ಮನೆಯೊಳಗೆ ಕೈಗವಸು ಹಾಕಿಕೊಂಡು ಕೂತಿದ್ದಳು. ಬುಟ್ಟಿಯಲ್ಲಿ ಆರು ಕೋಟು ಹಾಗೇ ಬಿದ್ದಿದ್ದವು.

"ಕೈ ತೆಗಿ," ಎಂದೆ. ತೆಗೆಯಲಿಲ್ಲ. ನಾನೇ ಕಿತ್ತೆ. ನಾಲ್ಕು ಬೆರಳು ಬೆಳ್ಳಗೆ ಸೆಟೆದಿದ್ದವು.

"ಮಧ್ಯಾಹ್ನದ ಮೇಲೆ ಸರಿಹೋಗುತ್ತೆ," ಎಂದಳು. "ಎರಡು ಅಂಗಡಿಯವರಿಗೆ ಈ ಸಲ ಬೇಡ ಅಂತ ಹೇಳಿ ಕಳಿಸಿದೀನಿ, ಅಷ್ಟೇ. ಭಾವ ಎದುರಿಗಿದ್ದಾಗ ಕೈಯನ್ನ ಶಾಲಿನೊಳಗೆ ಇಟ್ಕೊಂಡಿರ್ತೀನಿ, ಅವರ ಹತ್ತಿರ ಏನೂ ಅನ್ನಬೇಡ."

ಅನ್ನಬೇಡ ಎಂದರೆ ನಾನು ಸುಮ್ಮನಿರುವವಳೇ? ಭಾವ ಬಚ್ಚಲಿನಿಂದ ಬರುತ್ತಿದ್ದಂತೆ ಅಕ್ಕನ ಕೈ ಎತ್ತಿ ತೋರಿಸಿದೆ. ಅವರು ಬಂದು ಕೂತು, ಕೈ ಹಿಡಿದುಕೊಂಡು ಎಣಿಸತೊಡಗಿದರು. ಇನ್ನೂರು ದಾಟಿದರೂ ಕೆಂಪು ಬರಲಿಲ್ಲ. "ಕೆಟ್ಟ ಯಂತ್ರ. ನನ್ನ ಅಂಗೈ ಅವತ್ತೇ ಹೇಳಿತ್ತು," ಎಂದರು. "ನಾಳೆನೇ ಗಾರೆಯವನಿಗೆ ಹೇಳಿ ಸೌದೆ ಬಾಯ್ಲರ್ ಇಡಿಸ್ತೀನಿ. ಕೆಮ್ಮು ಬಂದರೆ ಬರಲಿ."

ಮರುದಿನ ಗಾರೆಯವನಿಗಿಂತ ಮುಂಚೆ ಬೈರಿಗೆ ಮೇಡಂ ಬರುವ ಹಾಗೆ ನಾನು ಮಾಡಿದೆ. ಫೋನಿನಲ್ಲಿ ಆಕೆಗೆ ಏನೇನು ಅಂದೆನೆಂದು ಇಲ್ಲಿ ಬರೆಯುವುದಿಲ್ಲ. ಆಕೆ ಬಂದು, ಪೆಟ್ಟಿಗೆಯ ಮುಂದೆ ಮಂಡಿಯೂರಿ, ಅದರ ಪುಟ್ಟ ಪರದೆಯಲ್ಲಿ ಹಿಂದಿನ ದಿನಗಳ ಲೆಕ್ಕವನ್ನೆಲ್ಲ ತಿರುವಿ ನೋಡಿದರು.

"ಯಂತ್ರ ಚೆನ್ನಾಗಿದೆ. ಆದರೆ ಎರಡು ತಿಂಗಳಿಂದ ದಿನಾ ರಾತ್ರಿ ಎಂಟೂವರೆಗೆ ಯಾರೋ ಇದನ್ನ ಆಫ್ ಮಾಡ್ತಿದ್ದಾರೆ. ಬೆಳಿಗ್ಗೆ ಐದಕ್ಕೆ ಸರಿಯಾಗಿ ಆನ್ ಮಾಡಿ, ಪೂರ್ತಿ ಏರಿಸ್ತಿದ್ದಾರೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಭಾವನ ಬಲಗೈ ತಾನಾಗಿ ಬೆನ್ನ ಹಿಂದೆ ಹೋಯಿತು.

"ಮಲಗಿಸ್ತೀನಿ," ಎಂದರು. "ರಾತ್ರಿಯೆಲ್ಲ ಬಿಟ್ಟರೆ ಯಂತ್ರ ಬಾಳುತ್ತಾ? ಬೆಳಿಗ್ಗೆ ಅವಳು ಏಳೋದ್ರೊಳಗೆ ಎಬ್ಬಿಸ್ತೀನಿ. ಒಂದು ದಿನಾನೂ ತಪ್ಪಿಸಿಲ್ಲ."

"ಸರ್, ಕೆಂಡಕ್ಕಾದರೆ ಅದು ಸರಿ. ಇದು ನಿಧಾನದ ಜೀವ. ಈ ನೆಲದ ಸಿಮೆಂಟ್ ಪೂರ್ತಿ ಬಿಸಿ ಆಗೋಕೆ ಒಂದು ಹಗಲು, ಒಂದು ರಾತ್ರಿ ಬೇಕು. ನೀವು ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಹೊತ್ತಿಗೆ ನೆಲ ತಣ್ಣಗಾಗುತ್ತೆ. ಮತ್ತೆ ಸ್ವಲ್ಪ ಬೆಚ್ಚಗಾಗೋದೇ ಮಧ್ಯಾಹ್ನಕ್ಕೆ. ಇದನ್ನ ಮುಟ್ಟದೆ ಬಿಟ್ಟುಬಿಡಿ, ಅಷ್ಟೇ ಸಾಕು."

ಮುಟ್ಟದೆ ಎಂಬ ಮಾತು ಅವರಿಗೆ ಎಲ್ಲಿ ತಾಗಿತೆಂದು ನನಗೆ ಗೊತ್ತಾಯಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಮನುಷ್ಯ ಅವರು. ಏನಾದರೂ ಮರುಮಾತು ಆಡುತ್ತಾರೆಂದು ಕಾದೆ. ಅವರು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, "ನನ್ನ ಕೈಯಿಂದಲೇ ನಿನಗೆ ಚಳಿ ಹಿಡೀತಲ್ಲೇ ಇವಳೇ," ಎಂದರು. ಕಣ್ಣಲ್ಲಿ ನೀರಿತ್ತು. ಬೈರಿಗೆ ಮೇಡಂ ಎದ್ದು, ಕಾರಿನಲ್ಲಿ ಏನೋ ಮರೆತವರ ಹಾಗೆ ಹೊರಗೆ ಹೋದರು.

"ನನಗೆ ಗೊತ್ತಿತ್ತು ರೀ," ಎಂದಳು ಅಕ್ಕ.

ನನಗೆ ತಡೆಯಲಾಗಲಿಲ್ಲ. "ಗೊತ್ತಿತ್ತಾ? ಗೊತ್ತಿದ್ದೂ ಬಾಯಿ ಬಿಡದೆ ಕೋಟೆಲ್ಲ ವಾಪಸ್ ಕಳಿಸ್ತಾ ಕೂತಿದ್ಯಾ?"

"ನೀನು ಸುಮ್ಮನಿರು," ಎಂದಳು. ಅಷ್ಟು ಗಟ್ಟಿಯಾಗಿ ಅವಳು ನನಗೆ ಎಂದೂ ಹೇಳಿದ್ದಿಲ್ಲ. ಆಮೇಲೆ ಭಾವನ ಕಡೆ ತಿರುಗಿ, "ಬೆಳಿಗ್ಗೆ ಐದಕ್ಕೆ ನೀವು ಚಪ್ಪಲಿ ಮೆಟ್ಟಿ ಹೋಗೋ ಸದ್ದು ಕೇಳ್ತಾ ಮಲಗಿರ್ತೀನಿ. ಮೂವತ್ತೊಂದು ವರ್ಷದಿಂದ ಆ ಸದ್ದು ಕೇಳಿದ ಕೂಡಲೇ ನನಗೆ ಅರ್ಧ ಬೆಚ್ಚಗಾಗುತ್ತೆ. ಏಳಬೇಡಿ ಅಂತ ನನ್ನ ಬಾಯಿಂದ ಹೇಗೆ ಹೇಳಲಿ?" ಎಂದಳು.

ಇಬ್ಬರೂ ಒಬ್ಬರಿಗಾಗಿ ಒಬ್ಬರು ಎರಡು ತಿಂಗಳು ಚಳಿಯಲ್ಲಿ ನಡುಗಿದ್ದರು. ಬೈಯಬೇಕೆಂದು ಬಂದವಳು ಹೋಗಿ ಕಾಫಿಗೆ ನೀರಿಟ್ಟೆ, ಬೈರಿಗೆ ಮೇಡಂಗೂ ಸೇರಿಸಿ.

ಅವತ್ತು ಸಂಜೆಯಿಂದ ಭಾವ ಆ ಕೋಣೆಯ ಬಾಗಿಲಿಗೆ ಹೋಗಲಿಲ್ಲ. ಮೂರನೆಯ ದಿನ ಅಕ್ಕ ಬೆಳಗಿನ ತಿಂಡಿಗೂ ಮುಂಚೆ ಒಂದು ಕೋಟಿನ ಕಾಜ ಮುಗಿಸಿದಳಂತೆ. ಎರಡು ವಾರದೊಳಗೆ ವಾಪಸು ಹೋಗಿದ್ದ ಕೋಟುಗಳೆಲ್ಲ ಮತ್ತೆ ಬುಟ್ಟಿಗೆ ಬಂದವು. ಗಾರೆಯವನು ಅಂಗಳದಲ್ಲಿ ಇಳಿಸಿಹೋಗಿದ್ದ ಇಟ್ಟಿಗೆಯ ಮೇಲೆ ಭಾವ ಹೂಕುಂಡ ಜೋಡಿಸಿದರು.

ಹೋದ ಶನಿವಾರ ನಾನು ಅಲ್ಲೇ ಉಳಿದಿದ್ದೆ. ಹಜಾರದಲ್ಲಿ ಬರಿ ನೆಲದ ಮೇಲೆ ಹಾಸಿಕೊಂಡಿದ್ದೆ; ಆ ನೆಲದ ಸುಖ ನನಗೂ ಹತ್ತಿದೆ. ಬೆಳಗಿನ ಐದಕ್ಕೆ ಚಪ್ಪಲಿಯ ಸದ್ದಾಯಿತು. ಹಳೆಯ ಚಾಳಿ ಬಿಡಲಿಲ್ಲ, ಯಂತ್ರ ಮುಟ್ಟಲು ಹೊರಟರು ಎಂದುಕೊಂಡು ಹಿಡಿಯಲೆಂದೇ ಎದ್ದು ಹೋದೆ.

ಯಂತ್ರದ ಕೋಣೆಯ ಬಾಗಿಲು ಮುಚ್ಚಿತ್ತು. ಅಡುಗೆಮನೆಯ ದೀಪ ಉರಿಯುತ್ತಿತ್ತು. ಒಲೆಯ ಮೇಲೆ ಹಾಲಿತ್ತು. ಮಲಗುವ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಕ್ಕ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು, ಭಾವ ಅವಳೆದುರು ಸ್ಟೂಲಿನಲ್ಲಿ. ಅವಳ ಎರಡೂ ಕೈ ಅವರ ಅಂಗೈಗಳ ನಡುವೆ ಇದ್ದವು. ಹೊರಗೆ ಚಾಚಿದ್ದ ಬೆರಳ ತುದಿಗಳು ನನಗೆ ಕಾಣುತ್ತಿದ್ದವು, ಒಂದೊಂದೂ ಕೆಂಪಗೆ. ಹಿಡಿಯುವ ಮೊದಲೂ ಅವು ಕೆಂಪಗೇ ಇದ್ದಿರಬೇಕು.

"ಎಷ್ಟಾಯ್ತು?" ಎಂದು ಅಕ್ಕ ಕೇಳಿದಳು.

"ಅರವತ್ತೆಂಟು."

"ಬೆಚ್ಚಗಿದೆ ತಾನೆ? ಹಾಲು ಉಕ್ಕುತ್ತೆ ರೀ."

"ಸುಮ್ಮನಿರೇ, ಲೆಕ್ಕ ತಪ್ಪುತ್ತೆ," ಎಂದರು ಭಾವ.

ನಾನು ಹೋಗಿ ಒಲೆ ಆರಿಸಿದೆ. ತಿರುಗಿ ಬಂದಾಗಲೂ ಅವರು ಎಣಿಸುತ್ತಲೇ ಇದ್ದರು.